ಮುಚ್ಚಿದ ತುಟಿಯ ಪಕಾರ

ಒಂದು ಅಕ್ಷರ ನಾನು ಹೇಳಬೇಕಿತ್ತು, ಹೇಳಲಿಲ್ಲ. ಅದಕ್ಕೆ ದನಿ ಕೂಡ ಬೇಕಿರಲಿಲ್ಲ. ಗುರುವಾಯನಕೆರೆಯ ಒಂದು ಶಾಲೆಯ ಕಿಟಕಿಯ ಹೊರಗೆ ನಾನು ನಿಂತಿದ್ದೆ. ಒಳಗೆ ಮೇಜಿನ ಮುಂದೆ ನಿಂತಿದ್ದ ನನ್ನ ತಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದ. ತುಟಿ ಒಮ್ಮೆ ಕೂಡಿಸಿ ಬಿಟ್ಟಿದ್ದರೆ ಸಾಕಿತ್ತು. ಕೂಡಿಸಿದೆ, ಬಿಡಲಿಲ್ಲ. ಅಲ್ಲಿಗೆ ಅವನ ಶಾಲೆ ಮುಗಿಯಿತು.

ತಮ್ಮನಿಗೆ ಕಿವಿ ಕೇಳುವುದಿಲ್ಲ. ಹುಟ್ಟಿನಿಂದ ಹಾಗಲ್ಲ. ನಾಲ್ಕು ವರ್ಷದವನಾಗಿದ್ದಾಗ ಒಂದು ಜ್ವರ ಬಂದು, ಅವನನ್ನು ಬಿಟ್ಟು ಕಿವಿಯನ್ನು ತೆಗೆದುಕೊಂಡು ಹೋಯಿತು. ಅಷ್ಟರೊಳಗೆ ಅವನು ಮನೆಯ ಮಾತೆಲ್ಲ ಆಡುತ್ತಿದ್ದ. ನಮ್ಮದು ತುಳು ಮಾತಿನ ಮನೆ, ವೇಣೂರಿನಿಂದ ಸ್ವಲ್ಪ ಒಳಗೆ. ಕನ್ನಡ ಎಂದರೆ ಶಾಲೆಯದು, ಕಚೇರಿಯದು, ನಮ್ಮ ಅಮ್ಮನಿಗೆ ಅದು ಬರುತ್ತಲೇ ಇರಲಿಲ್ಲ. ಜ್ವರದ ಮೇಲೆ ತಮ್ಮ ಮಾತಾಡಿದರೆ ಒಡಕು ದನಿ ಬರುತ್ತಿತ್ತು, ಊರಿನ ಮಕ್ಕಳು ನಗುತ್ತಿದ್ದರು. ಅವನು ಮಾತು ನಿಲ್ಲಿಸಿದ. ಆದರೆ ನೋಡುವುದನ್ನು ನಿಲ್ಲಿಸಲಿಲ್ಲ. ಅಮ್ಮ ಅಂಗಳದ ಆಚೆ ನಿಂತು “ಪೇರ್ ಪರ್ಪನಾ?” ಎಂದರೆ, ಹಾಲು ಕುಡಿಯುತ್ತೀಯಾ ಎಂದರೆ, ಲೋಟ ಹಿಡಿದುಕೊಂಡೇ ಬರುತ್ತಿದ್ದ. ಯಾರಾದರೂ “ಪೆಟ್ಟು” ಎಂದರಂತೂ ಗುಡ್ಡ ಹತ್ತುತ್ತಿದ್ದ. ಅವನ ಎದುರು ಗುಟ್ಟು ಮಾತಾಡಲಿಕ್ಕೆ ನಾವು ಬೆನ್ನು ತಿರುಗಿಸಬೇಕಿತ್ತು.

ನನ್ನನ್ನು ಮೂರನೇ ತರಗತಿ ಮುಗಿದ ಕೂಡಲೇ ಬಿಡಿಸಿದ್ದರು. ಹಗಲಿಗೆ ತಮ್ಮನನ್ನು ನೋಡಿಕೊಳ್ಳಬೇಕು, ಬೀಡಿ ಕಟ್ಟಬೇಕು. ಎಲೆ ಕತ್ತರಿಸುತ್ತಾ, ಬೀಡಿಯ ಕಟ್ಟಿಗೆ ಸುತ್ತಿದ ಕಾಗದ ಯಾವುದೇ ಸಿಕ್ಕಲಿ, ಅದರ ಅಕ್ಷರ ಓದುತ್ತಿದ್ದೆ. ನನಗೆ ಓದಿನ ಹಸಿವು ಇತ್ತು ಎಂದು ಈಗ ಹೇಳಿದರೆ ದೊಡ್ಡ ಮಾತಾಗುತ್ತದೆ. ನಾಲ್ಕನೇ ತರಗತಿಯ ಪುಸ್ತಕದಲ್ಲಿ ಏನಿದೆ ಎಂದು ನೋಡುವ ಆಸೆ ಇತ್ತು, ಅಷ್ಟೇ. ಆ ಆಸೆಯೇ ಸಾಕಾಯಿತು.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಹೊಸತರಲ್ಲಿ ನಮ್ಮ ಶಾಲೆಗೆ ಘಟ್ಟದ ಮೇಲಿನ ಒಬ್ಬರು ಟೀಚರು ಬಂದರು. ಇನ್ನೂ ಚಿಕ್ಕ ವಯಸ್ಸು. “ಬರ್ತೀನಿ, ಹೋಗ್ತೀನಿ” ಎಂದು ಮಾತಾಡುತ್ತಿದ್ದರು, ಮಕ್ಕಳು ಅದನ್ನು ಅನುಕರಿಸಿ ನಗುತ್ತಿದ್ದರು. ಆ ಬೇಸಿಗೆಯಲ್ಲಿ ಅವರು ಮೈಸೂರಿಗೆ ಹೋಗಿ, ಕಿವಿ ಕೇಳದ ಮಕ್ಕಳಿಗೆ ಕಲಿಸುವುದು ಹೇಗೆ ಎಂದು ಒಂದು ಸಣ್ಣ ತರಬೇತಿ ಪಡೆದು ಬಂದಿದ್ದರಂತೆ. ಕಲಿತ ವಿದ್ಯೆ ಕೈಯಲ್ಲಿತ್ತು, ಅದಕ್ಕೆ ಮಗು ಬೇಕಿತ್ತು. ಹುಡುಕಿಕೊಂಡು ನಮ್ಮ ಮನೆಗೇ ಬಂದರು.

ಜಗಲಿಯಲ್ಲಿ ಕುಳಿತು ಅವರು ಕನ್ನಡದಲ್ಲಿ ಹೇಳುವುದು, ನಾನು ಅಮ್ಮನಿಗೆ ತುಳುವಿನಲ್ಲಿ ಹೇಳುವುದು. ಅಮ್ಮ ಹೇಳಿದ್ದನ್ನು ಅವರಿಗೆ ಕನ್ನಡ ಮಾಡುವುದೂ ನಾನೇ.

“ನಿಮ್ಮ ಮಗನನ್ನ ಶಾಲೆಗೆ ಕಳಿಸಿ. ತುಟಿ ನೋಡಿ ಮಾತು ತಿಳ್ಕೊಳ್ಳೋದನ್ನ ನಾನು ಕಲಿಸ್ತೀನಿ,” ಎಂದರು ಟೀಚರು.

ಅಮ್ಮ ನಕ್ಕರು. “ಅದು ಅವನಿಗೆ ಬರುತ್ತದೆ ಅಂತ ಹೇಳು ಮಗಾ ಇವರಿಗೆ. ಬಾಯಿ ನೋಡಿಯೇ ಎಲ್ಲ ತಿಳಿಯುತ್ತಾನೆ. ಬುದ್ಧಿಗೆ ಏನೂ ಕಮ್ಮಿ ಇಲ್ಲ ಅಂತಲೂ ಹೇಳು.”

ಟೀಚರ ಚೀಲದಿಂದ ಒಂದು ಪುಸ್ತಕದ ತುದಿ ಹೊರಗೆ ಕಾಣುತ್ತಿತ್ತು. ನಾನು ಅದನ್ನು ನೋಡಿ, ಟೀಚರನ್ನು ನೋಡಿ, ಹೇಳಿದೆ: “ಬುದ್ಧಿಗೆ ಏನೂ ಕಮ್ಮಿ ಇಲ್ಲವಂತೆ ಟೀಚರ್. ಆದರೆ ಹತ್ತಿರ ನಾನು ಇಲ್ಲದಿದ್ದರೆ ಅವನಿಗೆ ಏನೂ ತಿಳಿಯುವುದಿಲ್ಲವಂತೆ.”

“ಹಾಗಾದ್ರೆ ನೀನೂ ಬಾ. ಅವನ ಪಕ್ಕ ಕೂತ್ಕೋ.”

“ಬೀಡಿ ಯಾರು ಕಟ್ಟುವುದಂತೆ?” ಎಂದು ಅಮ್ಮ ಕೇಳಿದರು. ಸಂಜೆ ಕಟ್ಟಬಹುದಲ್ಲ ಎಂದರು ಟೀಚರು. ಆ ಒಂದು ಮಾತನ್ನು ಮಾತ್ರ ಒಂದಕ್ಷರ ಬಿಡದೆ ತುಳುವಿಗೆ ತಂದೆ.

ಹೀಗೆ ನಾನು ಪುನಃ ಶಾಲೆಗೆ ಬಂದೆ. ತಮ್ಮನ ಹೆಸರನ್ನು ಹೆಡ್‌ಮಾಷ್ಟ್ರು ಹಾಜರಿ ಪಟ್ಟಿಗೆ ಸೇರಿಸಲಿಲ್ಲ. “ಮೊದಲು ಕಲಿಯುತ್ತಾನಾ ಅಂತ ನೋಡುವ. ಮಾದರಿ ಪಾಠದ ದಿನ ಇನ್ಸ್‌ಪೆಕ್ಟರು ಒಪ್ಪಿದರೆ ಹೆಸರು ಬರೆಯುವ. ಇಲ್ಲದಿದ್ದರೆ ಮನೆಯಲ್ಲಿ ದನ ನೋಡಿಕೊಂಡು ಇರಲಿ,” ಎಂದರು. ಆಗೆಲ್ಲ ಆಗಾಗ ಒಂದು ಶನಿವಾರ ಸುತ್ತಿನ ಶಾಲೆಗಳ ಮಾಷ್ಟ್ರುಗಳೆಲ್ಲ ಒಂದು ಕಡೆ ಸೇರುತ್ತಿದ್ದರು. ಒಬ್ಬರು ಪಾಠ ಮಾಡಿ ತೋರಿಸುವುದು, ಉಳಿದವರು ಹಿಂದೆ ಕುಳಿತು ನೋಡಿ ಮತ್ತೆ ತಪ್ಪು ಒಪ್ಪು ಹೇಳುವುದು. ಮಾದರಿ ಪಾಠ ಎಂದರೆ ಅದು. ತಮ್ಮನ ಓದು ಆ ಒಂದು ದಿನಕ್ಕೆ ನೇತು ಬಿದ್ದಿತ್ತು.

ಟೀಚರ ಪಾಠದಂಥ ಪಾಠವನ್ನು ನಾವು ಯಾರೂ ಕಂಡವರಲ್ಲ. ಒಂದು ಕೋಳಿಗರಿ, ಒಂದು ಕಾಗದದ ಪಟ್ಟಿ, ಒಂದು ಕೈಗನ್ನಡಿ, ಇಷ್ಟೇ ಅವರ ಸಾಮಾನು. ತುಟಿಯ ಮುಂದೆ ಕಾಗದ ಹಿಡಿದು “ಪ” ಎಂದರೆ ಕಾಗದ ಹಾರುತ್ತದೆ. “ಬ” ಎಂದರೆ ಅಷ್ಟು ಹಾರುವುದಿಲ್ಲ. “ಮ” ಎಂದರೆ ಕಾಗದ ಸುಮ್ಮನೆ ಇರುತ್ತದೆ, ಮೂಗು ನಡುಗುತ್ತದೆ. ಟೀಚರು ಅವನ ಬೆರಳನ್ನು ತಮ್ಮದೇ ಮೂಗಿನ ಮೇಲೆ ಇಟ್ಟು “ಮ್ಮ್ಮ್” ಎನ್ನುತ್ತಿದ್ದರು. ಅವನು ಕಣ್ಣರಳಿಸಿ, ಆ ಬೆರಳನ್ನು ತೆಗೆದು ತನ್ನ ಮೂಗಿಗೆ ಇಟ್ಟು, ಮತ್ತೆ ಬೆಂಚಿನ ಮೇಲಿದ್ದ ಎಲ್ಲರ ಮೂಗಿಗೂ ಇಡಲಿಕ್ಕೆ ಹೊರಟ. ಇಡೀ ತರಗತಿ ಮೂಗು ಹಿಡಿದುಕೊಂಡು “ಮ್ಮ್ಮ್” ಎಂದಿತು. ಹೆಡ್‌ಮಾಷ್ಟ್ರು ಓಡಿ ಬಂದು, “ಏನು ಟೀಚರೇ, ಜೇನು ಎದ್ದಿತಾ?” ಎಂದರು.

ಹಕಾರಕ್ಕೆ ಕನ್ನಡಿ. ಕನ್ನಡಿಯನ್ನು ಬಾಯಿಗೆ ಹಿಡಿದು “ಹ” ಎಂದರೆ ಗಾಜು ಮಬ್ಬಾಗುತ್ತದೆ. ತಮ್ಮನಿಗೆ ಅದು ಎಲ್ಲಕ್ಕಿಂತ ಹಿಡಿಸಿತು. ಊದಿ ಮಬ್ಬು ಮಾಡುವುದು, ಬೆರಳಿನಿಂದ ಗೆರೆ ಎಳೆಯುವುದು, ಅದು ಆರುವವರೆಗೆ ಕಾಯುವುದು.

ಒಂದು ದಿನ ಟೀಚರು ದಾಸವಾಳ ಹಿಡಿದು ತೋರಿಸಿ ತಮ್ಮನ ಗಲ್ಲ ಎತ್ತಿದರು. ಅವನಿಗೆ ಏನು ಹೊಳೆಯಿತೋ, ಎಷ್ಟೋ ಕಾಲದ ಮೇಲೆ ಬಾಯಿ ಬಿಟ್ಟು ಒಡಕು ದನಿಯಲ್ಲಿ “ಪೂ” ಎಂದ, ತುಳುವಿನಲ್ಲಿ ಹೂ ಎಂದು. ತರಗತಿ ಗೊಳ್ಳೆಂದಿತು. ನಮ್ಮ ಶಾಲೆಯ ಒಳಗೆ ತುಳು ಆಡುವಂತಿಲ್ಲ. ಆಡಿದವನ ಕೈಗೆ ಒಂದು ಮರದ ತುಂಡು ಬರುತ್ತಿತ್ತು, ಅವನು ಅದನ್ನು ಮುಂದೆ ತುಳು ಆಡಿದವನಿಗೆ ದಾಟಿಸಬೇಕು, ಸಂಜೆ ಯಾರ ಕೈಯಲ್ಲಿ ಉಳಿಯುತ್ತದೋ ಅವನಿಗೆ ಪೆಟ್ಟು. ಆ ಹೊತ್ತಿಗೆ ತುಂಡು ಹಿಡಿದಿದ್ದವನು ಓಡಿ ಬಂದು ತಮ್ಮನ ಕೈಗೆ ತುರುಕಿದ. “ಟೀಚರ್, ಇವ ತುಳು ಮಾತಾಡಿದ!”

ತಮ್ಮ ಅದನ್ನು ಬಹುಮಾನ ಎಂದುಕೊಂಡು ಎಲ್ಲರಿಗೂ ಎತ್ತಿ ತೋರಿಸಿದ. ಟೀಚರು ಅವನ ಕೈಯಿಂದ ಮೆಲ್ಲನೆ ತೆಗೆದುಕೊಂಡರು. “ಕಿವಿಯೇ ಕೇಳದ ಮಗುಗೆ ತುಳು ಎಲ್ಲಿಂದ ಬರುತ್ತೆ? ಪಾಪ, ಹೂ ಅನ್ನೋಕೆ ಹೋಗಿ ತುಟಿ ಮುಚ್ಚಿಬಿಟ್ಟಿದಾನೆ. ಹಕಾರ ಹೊರಡ್ತಿಲ್ಲ, ಅಷ್ಟೇ.” ನನ್ನ ಕಡೆ ತಿರುಗಿದರು. “ಅಲ್ವೇನೇ?”

“ಹೌದು ಟೀಚರ್,” ಎಂದೆ.

ಅವರು ಕನ್ನಡಿ ತಂದು ಆ “ಪೂ”ವನ್ನು ತಿದ್ದಲಿಕ್ಕೆ ಶುರು ಮಾಡಿದರು. ಮತ್ತೆ ತಮ್ಮ ಆ ಮಾತನ್ನು ಶಾಲೆಯಲ್ಲಿ ಆಡಲಿಲ್ಲ.

ಮೈಸೂರಿನ ತರಬೇತಿಯ ಸಂಗತಿಗಳನ್ನು ಅವರು ನನಗೆ ಹೇಳುತ್ತಿದ್ದರು, ಹೇಳಲಿಕ್ಕೆ ಬೇರೆ ಯಾರೂ ಇರಲಿಲ್ಲವೇನೋ. “ಒಂದು ದಿನ ನಮ್ಮ ಕಿವಿಗೆಲ್ಲ ಹತ್ತಿ ತುರುಕಿ ಸಂತೆಗೆ ಕಳಿಸಿಬಿಟ್ರು ಕಣೇ. ಬದನೆಕಾಯಿ ತಗೊಂಡು ಬನ್ನಿ ಅಂತ. ನಾನು ಏನು ತಂದೆ ಗೊತ್ತಾ? ಬರೀ ಬೈಗುಳ.” ಮಾತಾಡುವವರ ಮುಖಕ್ಕೆ ಬೆಳಕು ಬೀಳಬೇಕು, ಕಿರಿಚಬಾರದು, ಕೈ ಬೆನ್ನ ಹಿಂದೆ ಇರಬೇಕು ಎಂದು ಅಲ್ಲಿ ಕಲಿಸಿದ್ದರಂತೆ. ಕೈ ಆಡಿಸಿದರೆ ಮಗು ಕೈಯನ್ನೇ ನೋಡುತ್ತದೆ, ಬಾಯಿ ಕಲಿಯುವುದಿಲ್ಲವಂತೆ.

ನನಗೂ ನೋಡಬೇಕೆನಿಸಿತು. ಒಂದು ಭಾನುವಾರ ಕಿವಿಗೆ ಹತ್ತಿ ತುರುಕಿ, ಕನ್ನಡಿಯ ಮುಂದೆ ಕುಳಿತು ನನ್ನ ಬಾಯಿಯನ್ನೇ ನೋಡಿದೆ. “ಹಾಲು” ಎಂದೆ. ಬಾಯಿ ತೆರೆಯಿತು ಅಷ್ಟೇ, ಹಕಾರ ಎಲ್ಲೂ ಕಾಣಲಿಲ್ಲ. ಅದು ಗಂಟಲಿನಲ್ಲೇ ಹುಟ್ಟಿ ಹೋಗುತ್ತದೆ. “ಪೇರ್” ಎಂದೆ. ತುಟಿ ಕೂಡಿ ಟಪ್ಪೆಂದು ಬಿಟ್ಟಿತು. ಹೂ, ಪೂ. ಹುಳಿ, ಪುಳಿ. ಹತ್ತು, ಪತ್ತ್. ಕನ್ನಡದಲ್ಲಿ ಕಾಣದ್ದು ತುಳುವಿನಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಎಂಥ ಸೋಜಿಗ ಅನಿಸಿತು. ಓಡಿ ಹೋಗಿ ಟೀಚರಿಗೆ ಹೇಳಬೇಕು ಎಂದು ಎದ್ದೆ ಕೂಡ. ಅಂಗಳ ದಾಟುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ತಮ್ಮನಿಗೆ ತುಳುವಿನ ತುಟಿ ತಿಳಿಯುತ್ತದೆ ಎಂದು ಟೀಚರಿಗೆ ಗೊತ್ತಾದರೆ, ಅವನ ಪಕ್ಕ ನಾನು ಯಾಕೆ? ನಾಲ್ಕನೇ ತರಗತಿಯ ಪುಸ್ತಕದಲ್ಲಿ ನಾನು ಅರ್ಧಕ್ಕೆ ಬಂದಿದ್ದೆ. ತಿರುಗಿ ಬಂದು ಬೀಡಿ ಕಟ್ಟಲಿಕ್ಕೆ ಕುಳಿತೆ.

ಟೀಚರು “ಹೂ” ಎಂದರೆ ತಮ್ಮ ನನ್ನ ಕಡೆ ಕಣ್ಣು ಹಾಯಿಸುತ್ತಿದ್ದ. ನಾನು ಜಡೆಯ ಹತ್ತಿರ ಬೆರಳು ತಂದರೆ ಹೂ. ಮುಷ್ಟಿ ಹಿಂಡಿದರೆ ಹಾಲು. ನಾಲಿಗೆಯ ತುದಿ ಮುಟ್ಟಿದರೆ ಹುಳಿ. ಮನೆಯಲ್ಲಿ ನಾವು ಆಟಕ್ಕೆ ಮಾಡಿಕೊಂಡ ಸನ್ನೆಗಳು, ಬೆಂಚಿನ ಅಡಿಯಲ್ಲಿ ಕೆಲಸಕ್ಕೆ ಬಂದವು. ಮೇಜಿನ ಮೇಲೆ ಇಟ್ಟ ಸಾಮಾನಿನಿಂದ ಅವನು ತಪ್ಪದೆ ಆರಿಸುತ್ತಿದ್ದ. ಟೀಚರು ಚಪ್ಪಾಳೆ ತಟ್ಟುತ್ತಿದ್ದರು. “ನೋಡಿ ಸಾರ್, ಹಕಾರ ಕೂಡ ಹಿಡೀತಾನೆ!” ಎಂದು ಹೆಡ್‌ಮಾಷ್ಟ್ರನ್ನು ಕರೆದು ತೋರಿಸಿದರು. ಅವರ ಮುಖದ ಆ ಬೆಳಕನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಮಾದರಿ ಪಾಠ ಗುರುವಾಯನಕೆರೆಯಲ್ಲಿ ಇತ್ತು. ನಾವು ಮೂವರೂ ಬೆಳಗ್ಗಿನ ಬಸ್ಸಿಗೆ ಹೊರಟೆವು. ತಮ್ಮನಿಗೆ ಅಮ್ಮ ಒಗೆದ ಅಂಗಿ ಹಾಕಿ ಎಣ್ಣೆ ಹಚ್ಚಿ ತಲೆ ಬಾಚಿದ್ದರು. ಟೀಚರು ಮಕಾರದ ಪಾಠಕ್ಕೆ ತಯಾರಾಗಿದ್ದರು. ಮರ, ಮನೆ, ಮೀನು ಎಂದು ಚಿತ್ರ ಬರೆದುಕೊಂಡಿದ್ದರು.

ಬಸ್ಸಿನಲ್ಲಿ ಅವರು ಕೇಳಿದರು. “ಒಂದು ಕೇಳ್ತೀನಿ. ನಿಮ್ಮಮ್ಮ ಇವನ ಹತ್ರ ಹೇಗೆ ಮಾತಾಡ್ತಾರೆ?”

“ಅಮ್ಮ ಇವನ ಹತ್ತಿರ ಮಾತಾಡುವುದೇ ಇಲ್ಲ ಟೀಚರ್.”

ಅಲ್ಲಿ ಕೋಣೆ ತುಂಬ ಮಾಷ್ಟ್ರುಗಳು. ಹಿಂದಿನ ಬೆಂಚಿನಲ್ಲಿದ್ದ ಒಬ್ಬರು ಹಿರಿಯರು ಪಾಠ ಶುರುವಾಗುವ ಮೊದಲೇ ಎದ್ದರು. “ನಮ್ಮ ಕಿವಿ ಇರುವ ಮಕ್ಕಳಿಗೇ ಹಕಾರ ಇಲ್ಲ ಸಾರ್. ಹತ್ತು ಹಣ್ಣು ಅಂತ ಹೇಳಿಸಿದರೆ ಅತ್ತು ಅಣ್ಣು ಅನ್ನುತ್ತವೆ. ಹುಬ್ಬಳ್ಳಿಗೆ ಹೋದವ ಉಬ್ಬಳ್ಳಿಯಿಂದ ಬರ್ತಾನೆ. ಕಿವಿ ಇಲ್ಲದವನಿಗೆ ಹಕಾರ ಬರುತ್ತದೆಯಂತಲ್ಲ, ಅದನ್ನೇ ತೋರಿಸಲಿ.”

ಎಲ್ಲರೂ ನಕ್ಕರು. ಆ ಹಕಾರ ಆ ಸೀಮೆಯ ಮಾಷ್ಟ್ರುಗಳ ಹಳೆಯ ತಲೆನೋವು. ಇನ್ಸ್‌ಪೆಕ್ಟರು ಟೀಚರ ಕಡೆ ನೋಡಿದರು. “ಆಗಬಹುದಾ?”

“ಆಗಲಿ ಸಾರ್,” ಎಂದರು ಟೀಚರು. ಹೆದರಲಿಲ್ಲ. ಅವರ ತರಗತಿಯಲ್ಲಿ ಅವನು ಹಕಾರದಲ್ಲಿ ಎಂದೂ ತಪ್ಪಿರಲಿಲ್ಲವಲ್ಲ.

ಗಡಿಬಿಡಿಯಲ್ಲಿ ಸಾಮಾನು ಕೂಡಿಸಿದರು. ಗೇಟಿನ ಬಳಿಯಿಂದ ಹೂ, ಚಾಗೆ ತಂದಿಟ್ಟ ಹಾಲು, ಊಟಕ್ಕೆ ತಂದ ಬಾಳೆಹಣ್ಣು, ಪಕ್ಕದ ಮನೆಯಿಂದ ಹುಣಸೆಹುಳಿ. ಅಷ್ಟರಲ್ಲಿ ಒಬ್ಬರ ಕಣ್ಣು ನನ್ನ ಮೇಲೆ ಬಿತ್ತು. “ಈ ಹುಡುಗಿ ಯಾಕೆ ಕೈ ಆಡಿಸುತ್ತಾ ಉಂಟು? ಹೊರಗೆ ನಿಲ್ಲಲಿ.”

ನಾನು ಹೊರಗೆ ಬಂದು ಕಿಟಕಿಯ ಬಳಿ ನಿಂತೆ. ಕಿಟಕಿ ಎತ್ತರದಲ್ಲಿತ್ತು. ಒಳಗಿನವರಿಗೆ ನನ್ನ ಮುಖ ಮಾತ್ರ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ.

“ಹೂ,” ಎಂದರು ಟೀಚರು, ಕೈ ಬೆನ್ನ ಹಿಂದೆ ಕಟ್ಟಿ. ತಮ್ಮ ಅವರ ದುಂಡಗಾದ ತುಟಿಯನ್ನು ನೋಡಿದ, ಪಕ್ಕಕ್ಕೆ ನೋಡಿದ. ನಾನಿರಲಿಲ್ಲ. ಹುಳಿಯನ್ನು ಎತ್ತಿದ. “ಹಾಲು” ಎಂದರು. ಹಣ್ಣನ್ನು ಎತ್ತಿದ. ಯಾರೋ, “ಹಸಿವೆಯಾಗಿರಬೇಕು, ತಿನ್ನಲಿ ಮಾರಾಯ್ರೆ,” ಎಂದರು. ನಗು ಎದ್ದಿತು. ನಗುವ ಬಾಯಿಗಳು ಅವನಿಗೆ ಚೆನ್ನಾಗಿ ಗೊತ್ತು. ಹಣ್ಣನ್ನು ಕೆಳಗಿಟ್ಟು ಸುತ್ತಲೂ ಹುಡುಕಿದ, ಕಿಟಕಿಯಲ್ಲಿ ನನ್ನನ್ನು ಕಂಡ.

ಟೀಚರು ಇನ್ನೊಮ್ಮೆ “ಹೂ” ಎಂದರು.

ಅವನು ನನ್ನ ಬಾಯಿ ನೋಡಿದ. ಕೈ ಇಲ್ಲವಾದರೆ ಬಾಯಾದರೂ ಹೇಳುತ್ತದೆ ಎಂದು ಅವನ ನಂಬಿಕೆ. ನನ್ನ ತುಟಿ ತಾನಾಗಿ ಕೂಡಿತು. ಅವನ ಮುಖ ಅರಳಿತು, ಯಾಕೆಂದರೆ ಮುಚ್ಚಿದ ತುಟಿ ಎಂದರೆ ಪಕಾರದ ಶುರು. ಅವನೂ ನನ್ನ ಹಾಗೆ ತುಟಿ ಕೂಡಿಸಿಕೊಂಡು, ನಾನು ಬಿಡುವುದನ್ನು ಕಾಯುತ್ತಾ ನಿಂತ. ಬಿಟ್ಟಿದ್ದರೆ “ಪೂ”. ಅವನು ಹೂ ಎತ್ತುತ್ತಿದ್ದ. ಆ ಕೋಣೆಯಲ್ಲಿ ಟೀಚರೊಬ್ಬರನ್ನು ಬಿಟ್ಟು ಎಲ್ಲರಿಗೂ ತುಳು ಬರುತ್ತಿತ್ತು. ನಾನು ಹೇಳಿದ್ದರೆ ಎಲ್ಲರೂ ತಿರುಗಿ ನನ್ನನ್ನು ನೋಡುತ್ತಿದ್ದರು, ಜಗಲಿಯ ಸುಳ್ಳು, ಬಸ್ಸಿನ ಸುಳ್ಳು, ಬೆಂಚಿನ ಅಡಿಯ ಕೈ, ಎಲ್ಲ ಒಟ್ಟಿಗೆ ಬಯಲಾಗುತ್ತಿತ್ತು. ನಾನು ಬಿಡಲಿಲ್ಲ. ತುಟಿ ಮುಚ್ಚಿಕೊಂಡೇ ಇದ್ದೆ. ಅವನೂ ಮುಚ್ಚಿಕೊಂಡೇ ಕಾದ. ಕೊನೆಗೆ ಟೀಚರು ಅವನ ಹೆಗಲ ಮೇಲೆ ಕೈ ಇಟ್ಟು ಆಚೆ ಕರೆದುಕೊಂಡರು.

ಇನ್ಸ್‌ಪೆಕ್ಟರು ಒರಟಾಗಿ ಏನೂ ಹೇಳಲಿಲ್ಲ. “ನಿಮ್ಮ ಶ್ರಮ ಕಾಣುತ್ತದೆ ಟೀಚರೇ. ಆದರೆ ಉಳಿದ ಮಕ್ಕಳ ಸಮಯವೂ ಉಂಟಲ್ಲ,” ಎಂದರು. ಹೆಸರು ಬರೆಯುವುದಿಲ್ಲ ಎಂದು ಅದರ ಅರ್ಥ.

ತಿರುಗಿ ಬರುವಾಗ ಟೀಚರು ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತಿದ್ದರು. “ಕ್ಲಾಸಲ್ಲಿ ಬರೋದು ಇಲ್ಲಿ ಯಾಕೆ ಬರಲಿಲ್ಲ? ನನ್ನ ಮುಖ ಕತ್ತಲೇಲಿತ್ತಾ?”

“ಬೆಳಕು ಕಮ್ಮಿ ಇತ್ತು ಟೀಚರ್,” ಎಂದೆ.

ಅವನು ಹೊರಬಿದ್ದರೆ ನನಗೂ ಅಲ್ಲಿ ಜಾಗವಿಲ್ಲ ಎಂಬುದು ನನಗೆ ಹೊಳೆದದ್ದು ಸೋಮವಾರ, ಬೀಡಿಯ ಮೊರ ಮಡಿಲಿಗೆ ಬಂದ ಮೇಲೆ.

ಟೀಚರಿಗೆ ಮಾತ್ರ ಆ ಪ್ರಶ್ನೆ ಬಿಡಲಿಲ್ಲ. ಕೆಲವು ವಾರ ಕಳೆದು ಒಂದು ಸಂಜೆ ನಮ್ಮ ಮನೆಗೆ ಬಂದರು. ನಾನು ನೀರಿಗೆ ಹೋಗಿದ್ದೆ. ಕೊಡ ಹೊತ್ತು ತಿರುಗಿ ಬರುವಾಗ ಅವರು ಜಗಲಿಯಲ್ಲಿ ಕದಲದೆ ನಿಂತಿದ್ದರು. ಅಮ್ಮ ದನದ ಹಟ್ಟಿಯ ಬಾಗಿಲಿನಿಂದ ತಮ್ಮನಿಗೆ ಹಾಲು ಬೇಕಾ ಎಂದು ಕೇಳುತ್ತಿದ್ದರು, ಅವನು ಅಂಗಳದ ಈ ತುದಿಯಿಂದ ತಲೆ ಆಡಿಸುತ್ತಿದ್ದ. ಅಮ್ಮನ ಎರಡೂ ಕೈಯಲ್ಲಿ ಚೆಂಬು, ಹಗ್ಗ. ಸನ್ನೆಗೆ ಬೆರಳೂ ಇರಲಿಲ್ಲ.

“ಹಾಲಿಗೆ ನೀವು ಏನಂತೀರಿ?” ಎಂದು ಟೀಚರು ನನ್ನನ್ನು ಕೇಳಿದರು.

“ಪೇರ್.”

“ಹೂವಿಗೆ?”

“ಪೂ.”

“ಹುಳಿಗೆ? ಹತ್ತಕ್ಕೆ? ಹೊಸದಕ್ಕೆ?”

ಪುಳಿ, ಪತ್ತ್, ಪೊಸ. ಒಂದೊಂದಕ್ಕೂ ಅವರು ತಮ್ಮದೇ ತುಟಿಯ ಮೇಲೆ ಬೆರಳಿಟ್ಟು ಹೇಳಿ ನೋಡಿದರು. ಕಣ್ಣು ದೊಡ್ಡದಾಯಿತು. “ಇದು ಹಳಗನ್ನಡ ಕಣೇ! ಹಿಂದೆ ಕನ್ನಡದಲ್ಲೂ ಪೂ ಅಂತಲೇ ಇತ್ತು, ಆಮೇಲೆ ಪಕಾರ ಹೋಗಿ ಹಕಾರ ಬಂತು ಅಂತ ಬಾಯಿಪಾಠ ಮಾಡಿದೀವಿ. ಅದು ಈ ಮಗುಗೆ ಬೇಕಾಗುತ್ತೆ ಅಂತ ಯಾರೂ ಹೇಳ್ಲಿಲ್ಲ.” ಮಕ್ಕಳ ಹಾಗೆ ನಕ್ಕರು. ನಗು ಅರ್ಧಕ್ಕೆ ನಿಂತಿತು. “ಅವತ್ತು ಕ್ಲಾಸಲ್ಲಿ ಪೂ ಅಂದನಲ್ಲ. ಸರಿಯಾಗೇ ಹೇಳಿದ್ದ. ನಾನು ಕನ್ನಡಿ ಹಿಡಿದು ಅದನ್ನ ಅಳಿಸಿಬಿಟ್ಟೆ.”

ನನ್ನ ಕಡೆ ತಿರುಗಿ ಕೇಳಿದರು. “ನಿನಗೆ ಗೊತ್ತಿತ್ತಾ?”

ಕೊಡ ಇನ್ನೂ ತಲೆಯ ಮೇಲಿತ್ತು. “ಇಲ್ಲ ಟೀಚರ್,” ಎಂದೆ. ಅವರು ನಂಬಿದರೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಬೆಳ್ತಂಗಡಿಯಲ್ಲಿ ನಡೆದ ಮುಂದಿನ ಸಭೆಯಲ್ಲಿ ಅವರು ಎದ್ದು, ತನ್ನ ಪಾಠ ಯಾಕೆ ಸೋತಿತು ಎಂದು ಎಲ್ಲರ ಎದುರು ಹೇಳಿದರಂತೆ. ಕಲಿಸುವ ಮೊದಲು ಮಗು ಯಾವ ಬಾಯಿ ನೋಡಿ ಬೆಳೆದಿದೆ ಎಂದು ಟೀಚರು ಕಲಿಯಬೇಕು, ತಾನು ಕಲಿಯಲಿಲ್ಲ ಎಂದರಂತೆ. “ಘಟ್ಟದವರು ನಮಗೆ ತುಳು ಪಾಠ ಮಾಡಿದರು ಮಾರಾಯ್ರೆ,” ಎಂದು ನಮ್ಮ ಹೆಡ್‌ಮಾಷ್ಟ್ರು ಊರಿಡೀ ಹೇಳಿ ನಕ್ಕರು. ನಗದೆ ಇದ್ದವರೂ ಇದ್ದರು. ಸಭೆ ಮುಗಿದ ಮೇಲೆ ಒಂದಿಬ್ಬರು ಎಳೆಯ ಮಾಷ್ಟ್ರುಗಳು ಅವರನ್ನು ನಿಲ್ಲಿಸಿ, ಆ ಕಾಗದ, ಕನ್ನಡಿ ಹೇಗೆ ಎಂದು ಕೇಳಿದರಂತೆ. ತಮ್ಮನ ಬಗ್ಗೆ ಹೆಡ್‌ಮಾಷ್ಟ್ರು, “ಜೂನಿನಲ್ಲಿ ನೋಡುವ,” ಎಂದರು. ಜೂನಿನ ಮೊದಲೇ ಟೀಚರಿಗೆ ಘಟ್ಟದ ಮೇಲೆ ವರ್ಗವಾಯಿತು. ಹೊರಡುವ ಮುನ್ನ ಬಂದು ತಮ್ಮನಿಗೆ ಆ ಕನ್ನಡಿ ಕೊಟ್ಟರು. ಬೆಳಕಿಗೆ ಮುಖ ಮಾಡಿ ನಿಂತು, ಹೊಸದಾಗಿ ಕಲಿತ ತುಳುವಿನಲ್ಲಿ “ಪೋದ್ ಬರ್ಪೆ” ಎಂದರು, ಹೋಗಿ ಬರುತ್ತೇನೆ ಎಂದು. ತಮ್ಮ ಒಡಕು ದನಿಯಲ್ಲಿ “ಪೋಲೆ” ಎಂದ, ಹೋಗಿ ಎಂದು.

ಮತ್ತೆ ಯಾರೂ ಅವನನ್ನು ಶಾಲೆಗೆ ಕರೆಯಲಿಲ್ಲ. ಮೀಸೆ ಮೂಡುವ ಹೊತ್ತಿಗೆ ಬಂಟ್ವಾಳದ ಒಂದು ಅಕ್ಕಿ ಮಿಲ್ಲಿಗೆ ಸೇರಿದ. ಮಿಲ್ಲಿನ ಸದ್ದಿನಲ್ಲಿ ಬೇರೆಯವರೆಲ್ಲ ಕಿರಿಚಿ ಕಿರಿಚಿ ಸೋಲುವಾಗ ಅವನು ತುಟಿ ನೋಡಿ ಕೆಲಸ ಮುಗಿಸುತ್ತಿದ್ದನಂತೆ. ಓದು ಮಾತ್ರ ಬರಲಿಲ್ಲ. ಬಸ್ಸಿನ ಬೋರ್ಡಿಗೆ, ಔಷಧದ ಚೀಟಿಗೆ, ಸಂಬಳದ ಸಹಿಗೆ ಬೇರೆಯವರ ಮುಖ ನೋಡಬೇಕು. ನಾನು ಅವನಿಗೆ ಕಲಿಸಬಹುದಿತ್ತು. ಎದುರು ಕುಳಿತರೆ ಅವನು ನನ್ನ ಬಾಯಿ ನೋಡುತ್ತಾನೆ, ಅದನ್ನು ತಾಳಲಿಕ್ಕೆ ನನ್ನಿಂದ ಆಗುತ್ತಿರಲಿಲ್ಲ. ಅವನ ಜೊತೆ ನಾನು ಕೈಯಲ್ಲೇ ಮಾತಾಡಿ ಕಾಲ ಕಳೆದೆ.

ನನ್ನನ್ನು ಬೆಳುವಾಯಿಗೆ ಮದುವೆ ಮಾಡಿ ಕೊಟ್ಟರು. ಅಲ್ಲಿ ಕೆಲವು ವರ್ಷ ಕಳೆದು ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು, ಮಗಳು ಒಂದನೇ ತರಗತಿಗೆ ಹೋಗಲಿಕ್ಕೆ ಶುರು ಮಾಡಿದ ವರ್ಷ. ಮಿಲ್ಲಿಗೆ ರಜೆ ಇದ್ದಾಗ ತಮ್ಮ ನಮ್ಮಲ್ಲಿಗೆ ಬಂದು, ಸುಮ್ಮನೆ ಕುಳಿತುಕೊಳ್ಳಲಾರದೆ ಏನಾದರೂ ಕೆಲಸ ಮಾಡುತ್ತಿದ್ದ. ಆ ದಿನ ಗುಡ್ಡೆಗೆ ಹೋಗಿ ಹಟ್ಟಿಗೆ ಹಾಸುವ ಸೊಪ್ಪು ಒಂದು ದೊಡ್ಡ ಹೊರೆ ತಂದು ಹಾಕಿದ್ದ. ಮಗಳು ಜಗಲಿಯಲ್ಲಿ ಕುಳಿತು, ಮೂಡಬಿದಿರೆಯಿಂದ ತಂದ ಹೊಸ ಪುಸ್ತಕದಿಂದ ಗಟ್ಟಿಯಾಗಿ ಓದುತ್ತಿದ್ದಳು. ತಮ್ಮ ಬೆವರು ಒರೆಸುತ್ತಾ ಅವಳ ಬಾಯಿ ನೋಡುತ್ತಾ ಕುಳಿತ. ಒಂದು ಅಕ್ಷರ ಬಂದಾಗ ಅವಳ ಬಾಯಿ ತೆರೆಯಿತು, ಏನೂ ಕಾಣಲಿಲ್ಲ. ಅವನು ಎದ್ದು ಒಳಗೆ ಹೋಗಿ ಗೋಡೆಯ ಕನ್ನಡಿ ತಂದ. ಅವಳ ಮುಂದೆ ಹಿಡಿದು, ತಾನೇ ಅದಕ್ಕೆ ಬಾಯಿ ತೆರೆದು ಊದಿದ. ಗಾಜು ಮಬ್ಬಾಯಿತು.

“ಹ!” ಎಂದಳು ಮಗಳು. ಅವಳೂ ಊದಿದಳು. ಇಬ್ಬರೂ ಬೆರಳಿನಿಂದ ಗೆರೆ ಎಳೆದರು.

ಅವನು ಮರೆತಿರಲಿಲ್ಲ. ಅಷ್ಟು ವರ್ಷ ಆ ಒಂದು ಅಕ್ಷರವನ್ನು ಉಸಿರಿನಲ್ಲಿ ಇಟ್ಟುಕೊಂಡಿದ್ದ.

ಮತ್ತೆ ಅವನು ನನ್ನ ಕಡೆ ತಿರುಗಿದ. ಬೇಲಿಯ ದಾಸವಾಳವನ್ನು ತೋರಿಸಿದ. ಕೈಯಿಂದ ಗಾಳಿಯಲ್ಲಿ ಒಂದು ಚೌಕ ಬರೆದ, ಕಿಟಕಿ. ಅದರ ಒಳಗೆ ನನ್ನನ್ನು ನಿಲ್ಲಿಸಿದ. ತುಟಿ ಬಿಗಿಯಾಗಿ ಮುಚ್ಚಿ ಹುಬ್ಬು ಎತ್ತಿದ. ಅದರಲ್ಲಿ ದೂರು ಇರಲಿಲ್ಲ, ಬರೀ ಕುತೂಹಲ. ಅವತ್ತು ನೀನು ಏನೋ ಹೇಳಲಿಕ್ಕೆ ಹೊರಟಿದ್ದೆಯಲ್ಲ, ಅದು ಏನು? ನಾನು ಹೇಳಲಾರದೆ ಹೋದೆ ಎಂದೇ ಅವನು ತಿಳಿದಿದ್ದ. ಬೇಕೆಂದೇ ಹೇಳಲಿಲ್ಲ ಎಂಬುದು ಅವನ ತಲೆಗೇ ಬಂದಿರಲಿಲ್ಲ.

ನಾನು ಸನ್ನೆ ಮಾಡಲಿಕ್ಕೆ ಕೈ ಎತ್ತಿದೆ, ಇಳಿಸಿದೆ. ಜಗಲಿಯ ತುದಿಗೆ ಬಂದು ಬಿಸಿಲು ಮುಖಕ್ಕೆ ಬೀಳುವ ಹಾಗೆ ಕುಳಿತೆ. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. “ತಪ್ಪು,” ಎಂದೆ.

ಅವನು ಹಟ್ಟಿಯ ಕಡೆ ನೋಡಿದ. ನಮ್ಮ ತುಳುವಿನಲ್ಲಿ ತಪ್ಪು ಎಂದರೆ ಮಾಡಿದ ತಪ್ಪೂ ಹೌದು, ಸೊಪ್ಪೂ ಹೌದು. ಇಷ್ಟು ತಂದದ್ದು ಸಾಲದಾ ಎಂದು ಕೈ ಬಿಡಿಸಿ ಕೇಳಿ, ಕತ್ತಿ ಹಿಡಿದು ಇನ್ನೊಂದು ಹೊರೆಗೆ ಎದ್ದೇ ಬಿಟ್ಟ. ಮಗಳು ಬಿದ್ದು ಬಿದ್ದು ನಕ್ಕಳು. ನಾನು ಅವನ ಅಂಗಿ ಹಿಡಿದು ಕುಳ್ಳಿರಿಸಿ ಪುನಃ ಬಾಯಿ ತೋರಿಸಿದೆ. ತುಟಿ ಕೂಡಿಸಿದೆ. ಅವನೂ ಕೂಡಿಸಿ ಕಾದ. ಈ ಸಲ ಬಿಟ್ಟೆ.

“ಪೂ.”

ಅವನು ದಾಸವಾಳವನ್ನು ನೋಡಿದ, ನನ್ನನ್ನು ನೋಡಿದ. ನಾನು ನಿಲ್ಲಿಸಲಿಲ್ಲ. ನಮ್ಮ ಮಾತಿನಲ್ಲೇ, ಮಗಳೂ ಕೇಳುವ ಹಾಗೆ ಗಟ್ಟಿಯಾಗಿ, ಒಂದೊಂದೇ ಮಾತನ್ನು ತುಟಿಯಿಂದ ಬಿಡಿಸಿ ಹೇಳಿದೆ: ಅದನ್ನು ಅವತ್ತೇ ಹೇಳಬೇಕಿತ್ತು, ನನಗೆ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ, ನನ್ನ ಓದಿಗಾಗಿ ನಿನ್ನ ಓದು ಕಳೆದೆ, ನನ್ನಿಂದ ತಪ್ಪಾಯಿತು.

“ಎನಡ್ದ್ ತಪ್ಪಾಂಡ್ ಮಗಾ. ತಪ್ಪಾಂಡ್.”